ಕುಲಾವಿಗೆ ಯಾವ ನೂಲು?

ಕೊಪ್ಪಳದ ಬಜಾರಿನಲ್ಲಾಗಲಿ ಗಂಗಾವತಿಯ ಅಂಗಡಿ ಸಾಲಿನಲ್ಲಾಗಲಿ ‘ಉಲ್ಲನ್ ಕೊಡ್ರಿ’ ಎಂದು ಕೇಳಿದವರ ಕೈಗೆ ಬರುವುದು ಬಹುಮಟ್ಟಿಗೆ ಉಣ್ಣೆಯಲ್ಲ. ಉಬ್ಬಿದ, ಮೆತ್ತನೆಯ, ಬಣ್ಣಬಣ್ಣದ ದಪ್ಪ ದಾರಕ್ಕೆಲ್ಲ ಈ ಭಾಗದಲ್ಲಿ ಉಲ್ಲನ್ ಎಂದೇ ಹೆಸರು. ಬಾಗಿಲ ತೋರಣ, ಟೇಬಲ್ಲಿನ ಹೊದಿಕೆ, ಶಾಲೆಯ ಸ್ವೆಟರ್, ಕೂಸಿನ ಟೊಪ್ಪಿಗೆ ಎಲ್ಲಕ್ಕೂ ಅದೇ. ‘ಅಣ್ಣಾರ, ಇದು ಕುರಿ ಉಣ್ಣಿದೇನ್ರಿ?’ ಎಂದು ಯಾರಾದರೂ ಕೇಳಿದರೆ ‘ಉಲ್ಲನ್ ಐತ್ರಿ ಅಕ್ಕಾರ, ಒಗದ್ರ ಬಣ್ಣ ಹೋಗಂಗಿಲ್ಲ’ ಎಂಬ ಉತ್ತರ ಬರುತ್ತದೆ. ಅಂಗಡಿಯವರು ಮೋಸ ಮಾಡುತ್ತಿದ್ದಾರೆ ಎಂದೇನೂ ಅಲ್ಲ. ಅವರು ಕೊಂಡದ್ದೂ ಅದೇ ಹೆಸರಿನಿಂದ, ಮಾರುವುದೂ ಅದೇ ಹೆಸರಿನಿಂದ. ಆದರೆ ಉಂಡೆಗೆ ಸುತ್ತಿದ ಕಾಗದದ ಪಟ್ಟಿಯನ್ನು ತಿರುಗಿಸಿ ಓದಿದರೆ ಸಣ್ಣ ಅಕ್ಷರಗಳಲ್ಲಿ ಅಕ್ರಿಲಿಕ್ ಎಂದು ಬರೆದಿರುವುದು ಸಾಮಾನ್ಯವಾಗಿ ಕಂಡುಬರುತ್ತದೆ.

ತೋರಣಕ್ಕಾದರೆ ಈ ಹೆಸರಿನ ಗೊಂದಲ ನಡೆದೀತು. ಮಗಳ ಚೊಚ್ಚಲ ಬಾಣಂತನಕ್ಕೆಂದು ತಾಯಿ ಕುಲಾವಿ ಹೆಣೆಯಲು ಕುಳಿತಾಗ ಮಾತ್ರ ನಡೆಯದು. ಕೂಸು ಮಲಗುವ ಕೋಣೆಯಲ್ಲಿ ಬೆಂಕಿ ಇರುತ್ತದೆ. ಎರೆದ ಮೇಲೆ ಲೋಬಾನದ ಹೊಗೆ, ಬಾಣಂತಿಯ ಹೊರಸಿನ ಹತ್ತಿರ ಕೆಂಡ ತುಂಬಿದ ಶೆಗಡಿ, ಹಳ್ಳಿಗಳಲ್ಲಿ ಕುಳ್ಳಿನ ಬೆಂಕಿ, ಇವೆಲ್ಲ ಇನ್ನೂ ಉಳಿದಿರುವ ಮನೆಗಳುಂಟು. ಎಳೆಗೂಸಿನ ಶ್ವಾಸಕೋಶಕ್ಕೆ ಹೊಗೆ ಒಳ್ಳೆಯದಲ್ಲವೆಂದು ವೈದ್ಯರು ಹೇಳುತ್ತಲೇ ಬಂದಿದ್ದಾರೆ. ಅದು ಬೇರೆ ಮಾತು. ಕೆಂಡ ಇರುವ ಕೋಣೆಯಲ್ಲಿ ಕೂಸಿನ ತಲೆಯ ಮೇಲೆ ಯಾವ ನೂಲು ಇರಬೇಕು ಎಂಬುದು ಇಲ್ಲಿಯ ಪ್ರಶ್ನೆ. ಇದಕ್ಕೆ ಉತ್ತರ ಬಣ್ಣದಲ್ಲಾಗಲಿ ಬೆಲೆಯಲ್ಲಾಗಲಿ ಸಿಗುವುದಿಲ್ಲ, ರಸಾಯನಶಾಸ್ತ್ರದಲ್ಲಿ ಸಿಗುತ್ತದೆ.

ಅಕ್ರಿಲಿಕ್ ಎಂಬುದು ಅಕ್ರಿಲೋನೈಟ್ರೈಲ್ ಎಂಬ ರಾಸಾಯನಿಕದ ಅಣುಗಳನ್ನು ಸರಪಳಿಯಂತೆ ಜೋಡಿಸಿ ತಯಾರಿಸಿದ ಕೃತಕ ಎಳೆ. ಇದರ ಮೂಲ ಪೆಟ್ರೋಲಿಯಂ. ಅಮೆರಿಕದ ಡ್ಯುಪಾಂಟ್ ಕಂಪೆನಿಯ ವಿಜ್ಞಾನಿಗಳು ಇದನ್ನು 1941ರ ಹೊತ್ತಿಗೆ ರೂಪಿಸಿದರು. ‘ಆರ್ಲಾನ್’ ಎಂಬ ಹೆಸರಿನಿಂದ 1950ರಲ್ಲಿ ದೊಡ್ಡ ಪ್ರಮಾಣದ ಉತ್ಪಾದನೆ ಶುರುವಾಯಿತು. ಉಣ್ಣೆಯ ಹಾಗೆ ಕಾಣುವುದು ಅದರ ಹುಟ್ಟುಗುಣವಲ್ಲ, ಗಿರಣಿಯ ಜಾಣತನ. ಬಿಸಿ ತಗುಲಿದಾಗ ಕುಗ್ಗುವ ಎಳೆಗಳನ್ನೂ ಕುಗ್ಗದ ಎಳೆಗಳನ್ನೂ ಬೆರೆಸಿ ನೂಲುತ್ತಾರೆ. ಆಮೇಲೆ ಆ ನೂಲಿಗೆ ಹಬೆ ಕೊಡುತ್ತಾರೆ. ಕುಗ್ಗುವ ಎಳೆಗಳು ಗಿಡ್ಡವಾಗುತ್ತವೆ, ಜೊತೆಗಿದ್ದ ಉಳಿದ ಎಳೆಗಳು ಜಾಗ ಸಾಲದೆ ಡೊಂಕಾಗಿ ಹೊರಕ್ಕೆ ಉಬ್ಬುತ್ತವೆ. ಸಪೂರ ದಾರ ನೋಡನೋಡುತ್ತ ಮೆತ್ತನೆಯ ಉಲ್ಲನ್ ಆಗುತ್ತದೆ. ಅಂಗಡಿಯಲ್ಲಿ ಉಂಡೆಯನ್ನು ಹಿಸುಕಿ ‘ಎಷ್ಟ ಮೆತ್ತಗೈತಿ’ ಎಂದು ಮೆಚ್ಚುವಾಗ ಮೆಚ್ಚುವುದು ಈ ಡೊಂಕುಗಳನ್ನು.

ಇನ್ನು ಬೆಂಕಿಯ ಮಾತು. ಯಾವುದೇ ವಸ್ತು ಹೊತ್ತಿಕೊಂಡ ಮೇಲೆ ಉರಿಯುತ್ತಲೇ ಇರಲು ಸುತ್ತಲಿನ ಗಾಳಿಯಲ್ಲಿ ಕನಿಷ್ಠ ಇಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕವಿದೆ. ಹತ್ತಿಗೆ ಮತ್ತು ಅಕ್ರಿಲಿಕ್‌ಗೆ ಅದು ಸುಮಾರು ಶೇ. 18. ಉಣ್ಣೆಗೆ ಸುಮಾರು ಶೇ. 25. ಗಾಳಿಯಲ್ಲಿ ಇರುವ ಆಮ್ಲಜನಕ ಶೇ. 21. ಅಂದರೆ ಹತ್ತಿಗೂ ಅಕ್ರಿಲಿಕ್‌ಗೂ ಗಾಳಿ ಸಾಕು, ಉಣ್ಣೆಗೆ ಸಾಲದು. ಕಿಡಿ ಬಿದ್ದ ಕಂಬಳಿಯಲ್ಲಿ ಒಂದು ಸುಟ್ಟ ತೂತು ಉಳಿದು ಬೆಂಕಿ ತಾನಾಗಿ ಆರುವುದಕ್ಕೆ ಕಾರಣ ಇದೇ. ಹತ್ತಿ ಮತ್ತು ಅಕ್ರಿಲಿಕ್ ಎರಡೂ ಸುಲಭವಾಗಿ ಹೊತ್ತಿಕೊಳ್ಳುತ್ತವೆಯಾದರೂ ಹೊತ್ತಿಕೊಂಡ ಮೇಲೆ ಎರಡರ ದಾರಿ ಬೇರೆ. ಹತ್ತಿ ಉರಿದು ಮೆತ್ತನೆಯ ಬೂದಿಯಾಗಿ ಉದುರುತ್ತದೆ. ಅಕ್ರಿಲಿಕ್ ಮೆತ್ತಗಾಗಿ, ಕುಗ್ಗಿ, ಕರಿ ಹೊಗೆ ಬಿಡುತ್ತ, ಅಂಟಂಟಾದ ಬಿಸಿ ಮುದ್ದೆಯಾಗುತ್ತದೆ. ಆ ಮುದ್ದೆ ಚರ್ಮಕ್ಕೆ ಅಂಟಿದರೆ ಕಿತ್ತು ತೆಗೆಯಲು ಬರುವುದಿಲ್ಲ. ಸುಟ್ಟ ಗಾಯ ಆಳವಾಗುವುದು ಆಗಲೇ.

ಆದ್ದರಿಂದ ಶೆಗಡಿ ಇರುವ ಬಾಣಂತಿಯ ಕೋಣೆಗೆ ಅಕ್ರಿಲಿಕ್ ಕುಲಾವಿ, ಅಕ್ರಿಲಿಕ್ ಸಾಕ್ಸ್, ಅಕ್ರಿಲಿಕ್ ಹೊದಿಕೆ ಬೇಡ. ಹತ್ತಿಯಾದರೆ ಬೆಂಕಿ ಭಯವಿಲ್ಲ ಎಂದು ತಿಳಿಯುವುದೂ ತಪ್ಪು. ಕ್ರೋಶಾದಲ್ಲಿ ಜಾಳಿಗೆಯಂತೆ ಹೆಣೆದ ಹತ್ತಿಯ ಟೊಪ್ಪಿಗೆಯಲ್ಲಿ ಗಾಳಿ ಧಾರಾಳವಾಗಿ ಆಡುವುದರಿಂದ ಅದು ಬಿಗಿಯಾಗಿ ನೇಯ್ದ ಬಟ್ಟೆಗಿಂತ ಬೇಗ ಉರಿಯುತ್ತದೆ. ಕೆಂಡವನ್ನು ಕೂಸಿನಿಂದ ದೂರ ಇಡುವ ಕೆಲಸವನ್ನು ಯಾವ ನೂಲೂ ಮಾಡಿಕೊಡುವುದಿಲ್ಲ.

ಲೇಬಲ್ ಇಲ್ಲದ ಬಿಡಿ ಉಂಡೆ ಮನೆಗೆ ಬಂದಿದ್ದರೆ ಅದರ ಜಾತಿ ಕಂಡುಹಿಡಿಯಲು ಸುಟ್ಟು ನೋಡುವ ಹಳೆಯ ಪರೀಕ್ಷೆ ಇದೆ. ಇದನ್ನು ಹಿರಿಯರು ಮಾಡಬೇಕು, ಮಕ್ಕಳು ದೂರ ನಿಂತು ನೋಡಬೇಕು. ಬಯಲಿನಲ್ಲಿ, ಸ್ಟೀಲ್ ತಟ್ಟೆಯ ಮೇಲೆ, ಪಕ್ಕದಲ್ಲಿ ಒಂದು ತಂಬಿಗೆ ನೀರು ಇಟ್ಟುಕೊಂಡು, ಎರಡು ಬೆರಳುದ್ದದ ನೂಲನ್ನು ಚಿಮಟದಲ್ಲಿ ಹಿಡಿದು ಅದರ ತುದಿಯನ್ನು ದೀಪಕ್ಕೆ ತಾಗಿಸಬೇಕು. ಕಾಗದ ಸುಟ್ಟ ವಾಸನೆ, ಊದಿದರೆ ಹಾರುವ ಬೂದಿ ಕಂಡರೆ ಹತ್ತಿ. ಕೂದಲು ಸುಟ್ಟ ವಾಸನೆ, ದೀಪದಿಂದ ತೆಗೆದಾಗ ಆರುವ ಉರಿ, ಬೆರಳಲ್ಲಿ ಪುಡಿಯಾಗುವ ಕರಿ ಗುಂಡು ಇದ್ದರೆ ಉಣ್ಣೆ. ತಣ್ಣಗಾದ ಮೇಲೆ ಹಿಸುಕಿದರೂ ಒಡೆಯದ ಗಟ್ಟಿ ಗುಂಡು ಉಳಿದರೆ ಕೃತಕ ನೂಲು. ಮಿಶ್ರಣದ ನೂಲಿನಲ್ಲಿ ಎರಡೂ ಲಕ್ಷಣಗಳು ಸೇರಿಕೊಂಡು ಗೊಂದಲ ಮಾಡುತ್ತವೆ. ಆಗ ಅದನ್ನು ಕೃತಕವೆಂದೇ ಲೆಕ್ಕ ಹಿಡಿಯುವುದು ಕ್ಷೇಮ. ಕೊಳ್ಳುವಾಗ ಶುದ್ಧ ಉಣ್ಣೆಯೇ ಬೇಕೆನ್ನುವವರು ಉಂಡೆಯ ಮೇಲೆ ವುಲ್‌ಮಾರ್ಕ್ ಚಿಹ್ನೆ ಇದೆಯೇ ನೋಡಬಹುದು. ನೂಲಿನ ಲಡಿಯಂತೆ ಕಾಣುವ ಆ ಕಪ್ಪು ಪಟ್ಟೆಗಳ ಗುರುತು 1964ರಿಂದ ಬಳಕೆಯಲ್ಲಿದೆ.

ಬೆಂಕಿಯಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಬೆವರು. ಏಪ್ರಿಲ್‌-ಮೇ ತಿಂಗಳಲ್ಲಿ ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದು ಹೊಸತೇನಲ್ಲ. ಆ ಬಿಸಿಲಿನಲ್ಲೂ ‘ಗಾಳಿ ಆದೀತು’ ಎಂದು ಕೂಸಿಗೆ ದಪ್ಪ ಟೊಪ್ಪಿಗೆ ಹಾಕುವ ಅಜ್ಜಿಯಂದಿರಿದ್ದಾರೆ. ಹುಟ್ಟಿದ ಕೂಸಿನ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಶಾಖ ಹೊರಹೋಗುವ ದಾರಿಗಳಲ್ಲಿ ಅದೂ ಒಂದು. ಚಳಿಯಲ್ಲಿ ತಲೆ ಮುಚ್ಚುವುದು ಸರಿ. ಬೇಸಿಗೆಯಲ್ಲಿ ಅದೇ ದಾರಿ ತೆರೆದಿರಬೇಕು. ಇಲ್ಲಿ ನೂಲುಗಳ ನಡುವಿನ ಅಂತರ ಎಷ್ಟೆಂದು ಅಂಕಿಗಳು ಹೇಳುತ್ತವೆ. ಸಾಧಾರಣ ತೇವದ ಗಾಳಿಯಲ್ಲಿ ಇಟ್ಟ 100 ಗ್ರಾಂ ಒಣ ಉಣ್ಣೆ ಸುಮಾರು 16 ಗ್ರಾಂ ನೀರಾವಿಯನ್ನು ಹೀರಿಕೊಳ್ಳುತ್ತದೆ. ಹತ್ತಿ 8 ಗ್ರಾಂನಷ್ಟು. ಅಕ್ರಿಲಿಕ್ ಬರೀ ಒಂದೂವರೆ ಎರಡು ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ಬೆವರಿದ ನೆತ್ತಿಯ ಮೇಲೆ ಅಕ್ರಿಲಿಕ್ ಟೊಪ್ಪಿಗೆ ಇದ್ದರೆ ತೇವವೆಲ್ಲ ಚರ್ಮದ ಮೇಲೇ ಉಳಿದು ಬೆವರುಸಾಲೆ ಏಳುತ್ತದೆ. ಕೂಸು ಅಳುತ್ತದೆ, ಮನೆಯವರು ದೃಷ್ಟಿ ತೆಗೆಯುತ್ತಾರೆ.

ಈ ಅಂಕಿಗಳನ್ನು ಕಣ್ಣಾರೆ ನೋಡಬೇಕೆನ್ನುವ ವಿದ್ಯಾರ್ಥಿಗಳಿಗೆ ಜನವರಿಯ ಒಣ ರಾತ್ರಿ ತಕ್ಕ ಸಮಯ. ಗವಿಮಠದ ಜಾತ್ರೆಯ ದಿನಗಳ ಚಳಿಯಲ್ಲಿ ಅಕ್ರಿಲಿಕ್ ಸ್ವೆಟರನ್ನು ಕತ್ತಲೆ ಕೋಣೆಯಲ್ಲಿ ತಲೆಯಿಂದ ಎಳೆದು ತೆಗೆದರೆ ಚಟಚಟ ಸದ್ದಾಗಿ ಸಣ್ಣ ಕಿಡಿಗಳು ಕಾಣುತ್ತವೆ. ತೇವ ಹಿಡಿಯದ ಎಳೆಯಲ್ಲಿ ಉಜ್ಜಾಟದಿಂದ ಹುಟ್ಟಿದ ವಿದ್ಯುದಾವೇಶ ಹರಿದುಹೋಗಲು ದಾರಿ ಇರುವುದಿಲ್ಲ. ಹತ್ತಿಯ ಅಂಗಿಯಲ್ಲಿ ಈ ಆಟ ನಡೆಯುವುದಿಲ್ಲ.

ಹಾಗಾದರೆ ವರ್ಷದ ಬಹುಪಾಲು ತಿಂಗಳಿಗೆ ಈ ನಾಲ್ಕೂ ಊರುಗಳ ಕೂಸುಗಳಿಗೆ ಹತ್ತಿಯ ನೂಲೇ ಸರಿ. ಅದರಲ್ಲೂ ಆಯ್ಕೆಯಿದೆ. ಹತ್ತಿಯ ನೂಲಿನ ಗುಣ ಬಹಳಮಟ್ಟಿಗೆ ಅದರ ಎಳೆಯ ಉದ್ದದಲ್ಲಿದೆ. ಕುಷ್ಟಗಿ, ಯಲಬುರ್ಗಾ ಕಡೆಯ ಎರೆ ಹೊಲಗಳ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಯನ್ನೇ ನಂಬಿ ಬೆಳೆಯುತ್ತಿದ್ದ ಜಯಧರ ಹತ್ತಿಯ ಎಳೆ ಗಿಡ್ಡ, ಅದರಿಂದ ಬರುವುದು ಒರಟು ದಪ್ಪ ನೂಲು. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರ್ಕಿ ಅವರು 1972ರಲ್ಲಿ ವರಲಕ್ಷ್ಮಿ ಎಂಬ ಸಂಕರ ತಳಿಯನ್ನೂ 1981ರಲ್ಲಿ ಡಿಸಿಎಚ್-32 ತಳಿಯನ್ನೂ ಹೊರತಂದರು. ಎರಡನೆಯದನ್ನು ರೈತರು ಜಯಲಕ್ಷ್ಮಿ ಎಂದು ಕರೆದರು. ಅದರ ಎಳೆ ಬಹಳ ಉದ್ದ, ಆದ್ದರಿಂದ ಬಹಳ ನಯವಾದ ನೂಲು ತೆಗೆಯಲು ಬರುತ್ತದೆ. ಎಳೆ ಉದ್ದವಾದಷ್ಟೂ ಒಂದು ಮಾರು ನೂಲಿನಲ್ಲಿ ಹೊರಗೆ ಇಣುಕುವ ತುದಿಗಳು ಕಡಿಮೆ. ತುದಿಗಳು ಕಡಿಮೆಯಾದರೆ ಚುಚ್ಚುವುದಿಲ್ಲ, ನಾಲ್ಕು ಸಲ ಒಗೆದ ಮೇಲೆ ಮೈಮೇಲೆ ಗುಂಡುಗುಂಡಾಗಿ ಜುಂಗು ಏಳುವುದಿಲ್ಲ. ಅಂಗಡಿಯಲ್ಲಿ ಇದನ್ನು ಅರಿಯಲು ಒಂದು ಉಪಾಯ: ನೂಲಿನ ತುದಿಯನ್ನು ಎರಡು ಬೆರಳುಗಳಲ್ಲಿ ಹಿಡಿದು ಹುರಿ ಬಿಚ್ಚಿ ಮೆಲ್ಲಗೆ ಎಳೆಯಬೇಕು. ಪುಸಕ್ಕನೆ ಜಾರಿ ಕೈಗೆ ಬಂದರೆ ಎಳೆ ಗಿಡ್ಡ. ಜಗ್ಗಾಡಿ ತಡವಾಗಿ ಬಿಟ್ಟರೆ ಉದ್ದ.

ಹೊಳೆಯುವ ಹತ್ತಿ ನೂಲು ಕಂಡು ರೇಷ್ಮೆಯೆಂದು ತಿಳಿಯುವವರಿದ್ದಾರೆ. 1844ರ ಸುಮಾರಿಗೆ ಇಂಗ್ಲೆಂಡಿನ ಜಾನ್ ಮರ್ಸರ್ ಹತ್ತಿಯನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿ ನೋಡಿದ. ಚಪ್ಪಟೆ ರಿಬ್ಬನ್ನಿನಂತಿದ್ದ ಎಳೆ ಉಬ್ಬಿ ಗುಂಡಗಾಗುತ್ತದೆ. ಎಳೆದು ಹಿಡಿದು ಅದ್ದಿದರೆ ಹೊಳಪೂ ಬರುತ್ತದೆಂಬುದು ಆಮೇಲೆ ತಿಳಿಯಿತು. ಅವನ ಹೆಸರಿನಿಂದಲೇ ಇದು ಮರ್ಸರೈಸ್ಡ್ ಹತ್ತಿ. ಟೇಬಲ್ಲಿನ ಜಾಳಿಗೆ ಹೊದಿಕೆಗೆ, ರವಿಕೆಯ ತೋಳಿನ ಲೇಸಿಗೆ ಇದರಷ್ಟು ಚೆಂದದ್ದು ಬೇರೆಯಿಲ್ಲ. ಕೂಸಿನ ಕುಲಾವಿಗೆ ಮಾತ್ರ ಹೊಳಪಿಲ್ಲದ, ಸಡಿಲ ಹುರಿಯ ಸಾದಾ ಹತ್ತಿಯೇ ಮೆತ್ತಗಿರುತ್ತದೆ.

ಅಡುಗೆ ಮನೆಯ ಮಸಿಬಟ್ಟೆಗೂ ಇದೇ ಸಾದಾ ಹತ್ತಿ ಬೇಕು. ಶಾಲೆಯ ಕಾರ್ಯಾನುಭವ ಪಿರಿಯಡ್ಡಿನಲ್ಲಿ ಹುಡುಗಿಯರು (ಈಗ ಕೆಲವು ಕಡೆ ಹುಡುಗರೂ, ಅದು ಒಳ್ಳೆಯ ಬೆಳವಣಿಗೆ) ಉಲ್ಲನ್ನಿನಲ್ಲಿ ಹೂವಿನಾಕಾರದ ಹಿಡಿಬಟ್ಟೆ ಹೆಣೆದು ಅವ್ವನಿಗೆ ಕೊಡುವುದುಂಟು. ಚೆಂದದ ಉಡುಗೊರೆಯೇ, ಆದರೆ ಅಪಾಯದ್ದು. ಅಕ್ರಿಲಿಕ್ ಎಳೆ 85-90 ಡಿಗ್ರಿಯ ಆಸುಪಾಸಿನಲ್ಲೇ ಬಿಗುವು ಕಳೆದುಕೊಂಡು ಮೆತ್ತಗಾಗತೊಡಗುತ್ತದೆ. ಕುದಿಯುವ ಸಾರಿನ ಪಾತ್ರೆ 100 ಡಿಗ್ರಿ, ಕಾದ ಹಂಚು ಅದರ ಎರಡು ಪಟ್ಟು. ಅಕ್ರಿಲಿಕ್ ಸ್ವೆಟರಿಗೆ ಇಸ್ತ್ರಿ ಹಾಕಿದಾಗ ಅದು ಜೋಲುಬಿದ್ದು ಮತ್ತೆಂದೂ ಮೊದಲಿನ ಆಕಾರಕ್ಕೆ ಬಾರದಿರುವುದಕ್ಕೂ ಇದೇ ಕಾರಣ.

ಚಳಿಗಾಲಕ್ಕೆ ಉಣ್ಣೆ ಎಂದಾಗ ಕುರಿಗಳ ನಾಡಿನಲ್ಲಿ ಕುರಿಯ ನೂಲು ಏಕೆ ಸಿಗುವುದಿಲ್ಲ ಎಂದು ಮಕ್ಕಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಕುಷ್ಟಗಿ, ಯಲಬುರ್ಗಾಗಳ ಮಸಾರಿ ಮತ್ತು ಎರೆ ನೆಲಗಳಲ್ಲಿ ಮಂದೆ ಹೊಡೆದುಕೊಂಡು ಹೋಗುವ ಕುರುಬರು ಇಂದಿಗೂ ಇದ್ದಾರೆ. ಆದರೆ ಎಲ್ಲ ಕುರಿಯೂ ನೂಲು ಕೊಡುವುದಿಲ್ಲ. ರಾಯಚೂರು-ಕೊಪ್ಪಳ ಸೀಮೆಯ ಕೆಂಗುರಿಯನ್ನು ಸಾಕುವುದು ಮಾಂಸಕ್ಕೆ. ಅದರ ಮೈಮೇಲಿರುವುದು ಗಿಡ್ಡ ಕೂದಲು. ಕಂಬಳಿಗೆ ಬೇಕಾದ ಉಣ್ಣೆ ಡೆಕ್ಕನಿ ಜಾತಿಯ ಕರಿ ಕುರಿಯದ್ದು. ಅದೂ ಒರಟು. ಎಳೆಯ ದಪ್ಪ ಸುಮಾರು 30 ಮೈಕ್ರಾನ್ ದಾಟಿದರೆ ಅದರ ತುದಿ ಬಾಗದೆ ಚರ್ಮವನ್ನು ಚುಚ್ಚುತ್ತದೆ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಸ್ವೆಟರಿಗೆ ಹೆಸರಾದ ಮೆರಿನೊ ಉಣ್ಣೆ 20 ಮೈಕ್ರಾನಿನ ಆಸುಪಾಸಿನದು. ಡೆಕ್ಕನಿ ಉಣ್ಣೆಯಲ್ಲಿ ಚುಚ್ಚುವ ದಪ್ಪ ಎಳೆಗಳೇ ಹೆಚ್ಚು. ಕೈಯಲ್ಲಿ ನೂತ ಆ ನೂಲಿಗೆ ಹುಣಸೆಬೀಜದ ಸರಿ ಹಚ್ಚಿ ಗಟ್ಟಿಮಾಡಿ ಮಗ್ಗಕ್ಕೆ ಏರಿಸಿದರೆ ಮಳೆಯಲ್ಲಿ ಕೊಪ್ಪೆ ಹಾಕಿಕೊಳ್ಳುವ ಕಂಬಳಿಯಾಗುತ್ತದೆ. ಅದನ್ನೇ ಕೂಸಿನ ತಲೆಗೆ ಹಾಕಿದರೆ ಕೂಸು ಸುಮ್ಮನಿರಲಾರದು. ದಪ್ಪ ಕೊಕ್ಕೆ ಸೂಜಿಯಲ್ಲಿ ಈ ನೂಲಿನಿಂದ ಕೂರುವ ಆಸನ, ಬಾಗಿಲ ಮುಂದಿನ ಹಾಸು, ಬುತ್ತಿಚೀಲ ಹೆಣೆಯಬಹುದು. ಕಂಬಳಿ ನೇಯುವವರ ಮನೆಯಲ್ಲಿ ಕೇಳಿ ಒಂದಿಷ್ಟು ನೂಲು ತಂದು ಹೆಣೆದು ನೋಡಿದರೆ ಶಾಲೆಯ ವಸ್ತುಪ್ರದರ್ಶನಕ್ಕೆ ಥರ್ಮೋಕೋಲಿನ ಜ್ವಾಲಾಮುಖಿಗಿಂತ ಒಳ್ಳೆಯ ವಿಷಯ ಸಿಕ್ಕಂತಾಗುತ್ತದೆ.

ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರ ಕೈಮಗ್ಗದ ಸೀರೆಗೂ ಹೆಸರಾಗಿದೆ, ಕೂದಲಿನ ಉದ್ಯಮಕ್ಕೂ ಹೆಸರಾಗಿದೆ. ಸಿಕ್ಕುಗಟ್ಟಿದ ಕೂದಲನ್ನು ಬಿಡಿಸಿ, ಹದಮಾಡಿ, ಅಳತೆಗೆ ತಕ್ಕಂತೆ ಜೋಡಿಸುವ ಕೆಲಸ ಅಲ್ಲಿ ನಡೆಯುತ್ತದೆ. ಮನುಷ್ಯನ ಕೂದಲೂ ಕುರಿಯ ಉಣ್ಣೆಯೂ ಕೆರಾಟಿನ್ ಎಂಬ ಒಂದೇ ಪ್ರೋಟೀನಿನಿಂದ ಆದವು. ಆದರೂ ಕೂದಲಿನ ಸ್ವೆಟರ್ ಯಾರೂ ಹೆಣೆಯುವುದಿಲ್ಲ. ಉಣ್ಣೆಯ ಎಳೆಯಲ್ಲಿ ಅಲೆಅಲೆಯಾದ ಸುಕ್ಕು ಇದೆ. ಆ ಸುಕ್ಕುಗಳ ನಡುವೆ ಗಾಳಿ ನಿಲ್ಲುತ್ತದೆ, ಬೆಚ್ಚಗಿಡುವುದು ಆ ನಿಂತ ಗಾಳಿಯೇ. ಮೇಲಾಗಿ ಉಣ್ಣೆಯ ಮೈತುಂಬ ಹೆಂಚು ಹೊದಿಸಿದಂತೆ ಹುರುಪೆಗಳಿವೆ. ಬಿಸಿನೀರು, ಸಾಬೂನು, ಉಜ್ಜಾಟ ಮೂರೂ ಸೇರಿದರೆ ಹುರುಪೆಗಳು ಒಂದರೊಳಗೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ಹತ್ತು ವರ್ಷದವನ ಉಣ್ಣೆಯ ಸ್ವೆಟರ್ ಒಂದೇ ಒಗೆತಕ್ಕೆ ಅವನ ತಮ್ಮನಿಗೆ ಆಗುವಂತಾಗುವುದು ಹೀಗೆ.

ಇಷ್ಟೆಲ್ಲ ಹೇಳಿದ ಮೇಲೆ ಅಕ್ರಿಲಿಕ್ ಕೆಟ್ಟದ್ದೆಂದು ತೀರ್ಮಾನಿಸಿದರೆ ಅದೂ ಅನ್ಯಾಯ. ಕಾರಹುಣ್ಣಿಮೆಗೆ ಎತ್ತಿನ ಕೊರಳಿಗೆ ಕಟ್ಟುವ ಗೊಂಡೆಗೆ, ಬಾಗಿಲ ತೋರಣಕ್ಕೆ, ಗೋಡೆಯ ಚಿತ್ರಕ್ಕೆ ಅದನ್ನು ಮೀರಿಸಿದ್ದು ಇಲ್ಲ. ಬಣ್ಣ ಗಾಢ, ಬಿಸಿಲಿಗೆ ಬೇಗ ಮಾಸದು, ಉಣ್ಣೆ ತಿನ್ನುವ ನುಸಿಗೆ ಅದರಲ್ಲಿ ಆಹಾರವಿಲ್ಲ. ದಿನವೂ ಒಗೆಯಬೇಕಾದ ಶಾಲೆಯ ಸ್ವೆಟರಿಗೂ ಅದು ಸರಿ. ಚಳಿಗಾಲದಲ್ಲಿ ಪೇಟೆಯ ಬದಿಯಲ್ಲಿ ಟಿಬೆಟನ್ನರು ಮಾರುವ ಸ್ವೆಟರುಗಳಲ್ಲಿ ಹಲವು ಲೂಧಿಯಾನದಿಂದ ಬಂದ ಇಂಥ ನೂಲಿನವೇ. ಒಂದೇ ತಕರಾರು ಒಗೆದ ನೀರಿನದು. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ 6 ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಒಮ್ಮೆ ಯಂತ್ರದಲ್ಲಿ ಒಗೆದರೆ ಏಳು ಲಕ್ಷಕ್ಕೂ ಹೆಚ್ಚು ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರಬಹುದು. ಗಂಗಾವತಿಯ ಕಡೆ ಗದ್ದೆಗೂ ಕುಡಿಯುವುದಕ್ಕೂ ತುಂಗಭದ್ರೆಯೇ ಆಧಾರವಾದ್ದರಿಂದ ಈ ಸಂಗತಿ ನೆನಪಿನಲ್ಲಿರುವುದು ಒಳ್ಳೆಯದು.

ಅದೇ ತುಂಗಭದ್ರೆಯ ದಂಡೆಯಲ್ಲಿ, ಗಂಗಾವತಿ ತಾಲ್ಲೂಕಿನ ಆನೆಗುಂದಿಯಲ್ಲಿ, ಹೆಣಿಗೆಗೆ ಬೇರೊಂದು ನೂಲು ಸಿಕ್ಕಿದೆ: ಬಾಳೆ. ಬಾಳೆ ಒಮ್ಮೆ ಗೊನೆ ಹಾಕಿದರೆ ಮುಗಿಯಿತು, ದಿಂಡನ್ನು ಕಡಿದು ಬಿಸಾಡುವುದೇ ರೂಢಿ. ಕಲಾವಿದೆ ಶಮಾ ಪವಾರ್ ಅವರು 1997ರಲ್ಲಿ ಆರಂಭಿಸಿದ ಕಿಷ್ಕಿಂದಾ ಟ್ರಸ್ಟ್ ಅಲ್ಲಿನ ಹೆಂಗಸರಿಗೆ ಈ ದಿಂಡಿನ ಪಟ್ಟೆಯಿಂದ ದುಡಿಮೆಯ ದಾರಿ ಮಾಡಿಕೊಟ್ಟಿತು. ಪಟ್ಟೆಗಳನ್ನು ಒಣಗಿಸಿ, ಸೀಳಿ, ನೀರು ಚಿಮುಕಿಸಿ ಮೆತ್ತಗೆ ಮಾಡಿ ಹುರಿ ಹೊಸೆಯುತ್ತಾರೆ. ಆ ಹುರಿಯಿಂದ ಚೀಲ, ಚಾಪೆ, ಬುಟ್ಟಿಗಳಾಗುತ್ತವೆ. ಬಾಳೆಯ ನಾರಿನಲ್ಲಿ ಸೆಲ್ಯುಲೋಸ್ ಜೊತೆಗೆ ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಕೂಡ ಇದೆ. ಅದಕ್ಕೇ ಅದು ಗಟ್ಟಿ, ಅದಕ್ಕೇ ಅದು ಜಗ್ಗುವುದಿಲ್ಲ. ಜಗ್ಗದ ಈ ಗುಣ ಸ್ವೆಟರಿಗೆ ದೋಷ, ಸಂತೆಚೀಲಕ್ಕೆ ವರ. ಉಲ್ಲನ್ನಿನಲ್ಲಿ ಹೆಣೆದ ಚೀಲಕ್ಕೆ ಎರಡು ಕಿಲೋ ಉಳ್ಳಾಗಡ್ಡಿ ಹಾಕಿದರೆ ಅದು ಮೊಣಕಾಲಿನವರೆಗೆ ಇಳಿಯುತ್ತದೆ. ಬಾಳೆಯ ಚೀಲ ಇದ್ದಲ್ಲೇ ಇರುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಗಾಳಿಗೆ ಇಟ್ಟುಕೊಂಡರಾಯಿತು.

ಜಾತಿ ಗೊತ್ತಾದ ಮೇಲೆ ದಪ್ಪ ಮತ್ತು ಅಳತೆ. ಪ್ರಯೋಗಾಲಯದಲ್ಲಿ ತಾಮ್ರದ ತಂತಿಯ ದಪ್ಪ ಅಳೆಯಲು ಪೆನ್ಸಿಲ್ಲಿಗೆ ಸುತ್ತು ಹಾಕಿ ಎಣಿಸುತ್ತಾರಲ್ಲ, ನೂಲಿಗೂ ಅದೇ ಸಾಕು. ಎಳೆಯದೆ, ಒಂದಕ್ಕೊಂದು ತಾಗುವಂತೆ 20 ಸುತ್ತು ಹಾಕಿದಾಗ 3 ಸೆಂ.ಮೀ. ಆದರೆ ನೂಲಿನ ದಪ್ಪ ಒಂದೂವರೆ ಮಿ.ಮೀ. ಅಂಗಡಿಯಲ್ಲಿ ಸಿಗುವ ಹೆಣಿಗೆ ಸೂಜಿಯ ನಂಬರು ಹಲವರಿಗೆ ಒಗಟು: 8ನೇ ನಂಬರು 4 ಮಿ.ಮೀ., 10ನೇ ನಂಬರು ಅದಕ್ಕಿಂತ ಸಣ್ಣ, ಮೂರೂಕಾಲು ಮಿ.ಮೀ. ಬ್ರಿಟಿಷರ ಕಾಲದ ತಂತಿಯ ಗೇಜಿನ ಲೆಕ್ಕವಿದು. ನಂಬರು ಏರಿದಂತೆ ದಪ್ಪ ಇಳಿಯುತ್ತದೆ. ಕುಷ್ಟಗಿ ತಾಲ್ಲೂಕಿನ ದೋಟಿಹಾಳದಂಥ ನೇಕಾರರ ಊರಿನ ಮಕ್ಕಳಿಗೆ ಇದು ಹೊಸದಾಗಿ ಕಾಣದು. 40ನೇ ನಂಬರಿನ ಮಗ್ಗದ ನೂಲು 20ನೇ ನಂಬರಿನದಕ್ಕಿಂತ ಸಣ್ಣದೆಂದು ಅವರು ಮನೆಯಲ್ಲೇ ಕಂಡಿರುತ್ತಾರೆ.

ಉಂಡೆಗಳನ್ನು ತೂಕ ನೋಡಿ ಕೊಳ್ಳುವವರು ಸಾಂದ್ರತೆಯ ಪಾಠವನ್ನು ನೆನೆಯಬೇಕು. ಹತ್ತಿಯ ಸಾಂದ್ರತೆ 1.54, ಉಣ್ಣೆಯದು 1.31, ಅಕ್ರಿಲಿಕ್‌ನದು 1.17. ಒಂದೇ ತೂಕ, ಒಂದೇ ದಪ್ಪವಾದರೆ ಅಕ್ರಿಲಿಕ್ 100 ಮೀಟರ್ ಬರುವಲ್ಲಿ ಹತ್ತಿ 76 ಮೀಟರ್ ಮಾತ್ರ. ಅಕ್ರಿಲಿಕ್ ಉಬ್ಬಿಕೊಂಡಿರುವುದರಿಂದ ನಿಜವಾದ ಅಂತರ ಇನ್ನೂ ಹೆಚ್ಚು. ಮೂರು ಉಂಡೆ ಸಾಕೆಂದು ಹತ್ತಿ ತಂದು ತೋಳು ಹೆಣೆಯುವಾಗ ನೂಲು ಮುಗಿದುಹೋಗುವುದು ಇದರಿಂದ.

ಇದಕ್ಕೆ ಮದ್ದು, ಮೊದಲು ಒಂದೇ ಉಂಡೆ ತಂದು ಒಂದು ತುಂಡು ಹೆಣೆದು ನೋಡುವುದು. ಹತ್ತು ಸೆಂ.ಮೀ. ಉದ್ದ, ಹತ್ತು ಸೆಂ.ಮೀ. ಅಗಲ. ಹೆಚ್ಚಿನವರು ಬೇಸರವೆಂದು ಇದನ್ನು ಬಿಡುತ್ತಾರೆ, ಆಮೇಲೆ ಇಡೀ ಸ್ವೆಟರನ್ನೇ ಬಿಚ್ಚುತ್ತಾರೆ. ಆ ತುಂಡಿನ ಅಗಲದಲ್ಲಿ 20 ಹೊಲಿಗೆ ಬಂದರೆ 36 ಸೆಂ.ಮೀ. ಅಗಲದ ಬನಿಯನ್ನಿಗೆ 72 ಹೊಲಿಗೆ ಎತ್ತಿಕೊಳ್ಳಬೇಕು. ಬೇರೆ ನೂಲಿನಲ್ಲಿ 18 ಮಾತ್ರ ಬಂದರೆ ಅದೇ 72 ಹೊಲಿಗೆ 40 ಸೆಂ.ಮೀ. ಆಗುತ್ತದೆ, ಮುಂಭಾಗ ಹಿಂಭಾಗ ಸೇರಿ 8 ಸೆಂ.ಮೀ. ಸಡಿಲ. ಅದೇ ತುಂಡನ್ನು ಒಗೆದು, ಒಣಗಿಸಿ, ಮತ್ತೆ ಅಳೆದು, ಸಣ್ಣ ತಕ್ಕಡಿಯಲ್ಲಿ ತೂಗಬೇಕು. 4 ಗ್ರಾಂ ಇದ್ದರೆ, 36ಕ್ಕೆ 45ರ ಎರಡು ಭಾಗಗಳಿಗೆ, ಅಂದರೆ 3,240 ಚದರ ಸೆಂ.ಮೀ.ಗೆ, ಸುಮಾರು 130 ಗ್ರಾಂ. ಅಂಚು, ಗಂಟುಗಳಿಗೆ ಇನ್ನಷ್ಟು ಸೇರಿಸಿದರೆ 50 ಗ್ರಾಂನ ಮೂರು ಉಂಡೆ. ಏಳನೆಯ ತರಗತಿಯ ಗಣಿತ ಇದಕ್ಕಿಂತ ಹೆಚ್ಚೇನೂ ಬೇಡ. ಉಳಿದ ಉಂಡೆಗಳನ್ನು ಒಂದೇ ಸಲಕ್ಕೆ, ಲೇಬಲ್ಲಿನ ಮೇಲಿನ ಡೈ ಲಾಟ್ ನಂಬರು ಒಂದೇ ಇರುವಂತೆ ನೋಡಿ ಕೊಳ್ಳಬೇಕು. ಬೇರೆ ಬೇರೆ ಹಂಡೆಯಲ್ಲಿ ಅದ್ದಿದ ಬಣ್ಣ ಅಂಗಡಿಯ ದೀಪದಲ್ಲಿ ಒಂದೇ ಎನಿಸುತ್ತದೆ, ಬಿಸಿಲಿಗೆ ಬಂದಾಗ ಪಟ್ಟೆ ಕಾಣುತ್ತದೆ.

ಬಣ್ಣ ಬಿಡುವುದೇ ಎಂದು ತಿಳಿಯಲು ಒದ್ದೆ ಮಾಡಿದ ಬಿಳಿ ಅರಿವೆಯಿಂದ ನೂಲನ್ನು ಉಜ್ಜಿ ನೋಡಿದರೆ ಸಾಕು. ಕೂಸಿಗೆ ಹೆಣೆಯುವ ನೂಲಿಗೆ ಈ ಪರೀಕ್ಷೆ ಕಡ್ಡಾಯ, ಏಕೆಂದರೆ ಕುಲಾವಿಯ ದಾರ ಬಾಯಿಗೆ ಹೋಗದೆ ಇರುವುದಿಲ್ಲ. ಗೊಂಡೆ, ಮಣಿ, ಗುಂಡಿ ಕೂಸಿನ ಉಡುಪಿಗೆ ಬೇಡವೇ ಬೇಡ. ಕಿತ್ತು ಬಂದರೆ ಅವೂ ಬಾಯಿಗೇ.

ಹೆಣೆದದ್ದನ್ನು ಒಗೆಯುವಾಗ ಈ ಭಾಗದಲ್ಲಿ ಎದುರಾಗುವುದು ಬೋರಿನ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿ ಕರಗದ ಬಿಳಿ ಕಲ್ಮಶವಾಗುತ್ತವೆ. ಹೆಣಿಗೆಯ ಸಂದಿಗಳಲ್ಲಿ ಅದು ಸಿಕ್ಕಿಕೊಂಡು ಮೆತ್ತನೆಯ ನೂಲು ಬಿರುಸಾಗುತ್ತದೆ. ಸೋಡಾ ಹಾಕಿದರೆ ನೀರು ಮೆದುವಾದರೂ ಉಣ್ಣೆಯ ಕೆರಾಟಿನ್‌ಗೆ ಕ್ಷಾರ ಆಗದು. ಕೂದಲಿಗೆ ಒಗ್ಗುವುದು ಉಣ್ಣೆಗೂ ಒಗ್ಗುತ್ತದೆಂಬ ನಿಯಮ ಇಲ್ಲಿ ಸಹಾಯಕ್ಕೆ ಬರುತ್ತದೆ: ಸ್ವಲ್ಪ ಶಾಂಪೂ, ಇಲ್ಲವೇ ರಾತ್ರಿ ನೆನೆಸಿದ ಅಂಟುವಾಳದ ನೊರೆ. ಅಂಟುವಾಳದ ಸಪೋನಿನ್ ಗಡಸು ನೀರಿನಲ್ಲೂ ಕಲ್ಮಶ ಕಟ್ಟುವುದಿಲ್ಲ. ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ಒಣ ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಬೇಕು. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ತೋಳು ಉದ್ದವಾಗುತ್ತದೆ. ನೆರಳಿನಲ್ಲಿ ಹೊರಸಿನ ಮೇಲೆ ಚಾಪೆ ಹಾಸಿ, ಆಕಾರಕ್ಕೆ ತಂದು, ಹರಡಿ ಒಣಗಿಸಬೇಕು. ಉಣ್ಣೆಯದಾದರೆ ಬೇಸಿಗೆಗೆ ಎತ್ತಿಡುವಾಗ ಪೂರ್ತಿ ಒಣಗಿದ್ದನ್ನು ನೋಡಿ, ಹಳೆಯ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ, ಒಳಗೆ ನಾಲ್ಕು ಎಸಳು ಒಣಗಿದ ಬೇವಿನ ಸೊಪ್ಪು ಇಡುತ್ತಾರೆ.